ನಾಲ್ಕನೇ ಜ್ವರ

ನಮ್ಮ ಕಡೆ ಹುಳ ಮಲಗಿದರೆ ಜ್ವರ ಅಂತೀವಿ.
ಸೊಪ್ಪು ಬಿಟ್ಟು, ತಲೆ ಎತ್ತಿ, ಒಂದು ಹಗಲು ಒಂದು ಇರುಳು
ಅಲ್ಲಾಡದೆ ಕೂತು
ಹಳೇ ಚರ್ಮ ಕಳಚಿ ಎದ್ದರೆ, ಜ್ವರ ಬಿಟ್ಟಿತು.
ಅಂಥವು ನಾಲ್ಕು. ಆಮೇಲೆ ಹಸಿವೋ ಹಸಿವು,
ಆಮೇಲೆ ಹಣ್ಣು, ಚಂದ್ರಿಕೆ, ಗೂಡು,
ಶಿಡ್ಲಘಟ್ಟದ ಮಾರ್ಕೆಟ್ಟು.

ಈ ಸಲ ನಾಲ್ಕನೇ ಜ್ವರಕ್ಕೆ ಕೂತವು
ಮೂರನೇ ದಿನವೂ ಏಳಲಿಲ್ಲ.
ಎದ್ದವು ಅರ್ಧ ಎದ್ದವು,
ಬಿಚ್ಚಿದ ಅಂಗಿ ಬಾಲಕ್ಕೆ ಸಿಕ್ಕಿಕೊಂಡು ತಿಣುಕುತ್ತ.

ಹಾಲುತೊಂಡೆಯಾ? ಚಿವುಟಿದೆ, ಹಾಲು ಬರಲಿಲ್ಲ.
ಸುಣ್ಣಕಟ್ಟಾ? ಸತ್ತದ್ದು ಬಿಳಿಚಿ ಗಟ್ಟಿಯಾಗಲಿಲ್ಲ.
ಸಪ್ಪೆ ಆಗಿದ್ದರೆ ಬಾಗಿಲಲ್ಲೇ ನಾತ ಬಡೀಬೇಕು.
ಹದಿನೆಂಟು ವರ್ಷ ಹುಳ ಸಾಕಿದ್ದೀನಿ,
ಇದಕ್ಕೆ ನನ್ನ ಬಾಯಲ್ಲಿ ಹೆಸರಿರಲಿಲ್ಲ.

ಲ್ಯಾಬಿನ ಹುಡುಗಿ ಫಹಮೀದಾ ಬಂದಳು,
ಮೇಣದ ತಟ್ಟೆ, ಸಣ್ಣ ಕತ್ತರಿ.
ಕೊಯ್ಯೋ ಮುಂಚೆ ತೋರಿಸಿದಳು: ಬೆನ್ನುದ್ದಕ್ಕೂ ಒಂದು ಗೆರೆ,
ಅದೇ ಹುಳದ ಎದೆ, ಬಾಲದಿಂದ ತಲೆಗೆ ಓಡುತ್ತೆ.
ನಮ್ಮದರದ್ದು ಓಡಿ, ನಿಂತು,
ಏನೋ ಮರೆತು ಬಂದವರ ಹಾಗೆ
ಮತ್ತೆ ಓಡುತ್ತಿತ್ತು.

ಕರುಳು ಊದಿತ್ತು.
ರೇಷ್ಮೆ ಚೀಲ, ಕಡ್ಡಿ ದಪ್ಪ ಇರಬೇಕಾದ್ದು,
ಹೊಲಿಗೆ ದಾರದಷ್ಟು.
"ಅಕ್ಕಾ, ಈ ಕೂದಲೆಳೆಯಂಥವು ನೋಡಿ, ಇವೇ ಇದರ ಕಿಡ್ನಿ.
ಬಂದ ವಿಷಾನ ಹಿಕ್ಕೆಗೆ ತಳ್ಳೈತೆ,
ಮಿಕ್ಕಿದ್ದರಲ್ಲಿ ಒಂದಷ್ಟನ್ನ ಬಿಟ್ಟ ಚರ್ಮದಲ್ಲಿ ಸುತ್ತಿಟ್ಟು ಹೋಗೈತೆ.
ಕೈಲಾದಷ್ಟು ಮಾಡೈತೆ, ಪಾಪ."
ಕೈಯೇ ಇಲ್ಲದ್ದು.

ಹದಿನೈದು ದಿನಕ್ಕೆ ಕಾಗದ ಬಂತು. ಸೀಸ.
ಸೊಪ್ಪಲ್ಲಿ ಐತೆ, ಹುಳದಲ್ಲಿ ಐತೆ,
ಹಿಕ್ಕೆಯಲ್ಲಿ ಎಲ್ಲಕ್ಕಿಂತ ಜಾಸ್ತಿ.
"ಹತ್ತಿರದಲ್ಲಿ ಹಳೇ ಬ್ಯಾಟರಿ ಒಡೆಯೋ ಕಡೆ ಏನಾದ್ರೂ...?"
ನಾನು ತಂತಿ ಮೇಲೆ ಒಣಗೋ ಅಂಗಿ ನೋಡಿದೆ.
ಅವಳೂ ನೋಡಿದಳು. ಟೀ ಕುಡಿದು ಹೋದಳು.

ಮುಚ್ಚಿದ ಕಲ್ಲು ಪಾಲಿಶ್ ಶೆಡ್ಡಿನ ಹಿಂದೆ
ರಾತ್ರಿ ಹೊಗೆ ಏಳುತ್ತೆ, ನಮ್ಮ ಹಿಪ್ಪುನೇರಳೆ ಕಡೆಗೇ ಬೀಳುತ್ತೆ.
ಅಲ್ಲಿ ಸುತ್ತಿಗೆ ಹಿಡಿದವರಲ್ಲಿ ನಮ್ಮ ನಾರೆಪ್ಪನೂ ಒಬ್ಬ,
ರಾತ್ರಿಗೆ ಐನೂರು.
ಅವನಷ್ಟು ಶುದ್ಧದವನು ಈ ಬೀದಿಯಲ್ಲಿಲ್ಲ:
ಹುಳ ಮನೆಗೆ ಬರೋ ಮುಂಚೆ ಬ್ಲೀಚಿಂಗ್ ನೀರಲ್ಲಿ ಕಾಲಿಡ್ತಾನೆ,
ಎರಡು ಸಲ ಸೋಪು ಹಾಕ್ತಾನೆ,
ಬೀಡಿ ವಾಸನೆ ಹುಳಕ್ಕಾಗಲ್ಲ ಅಂತ ಬೀಡಿ ಬಿಟ್ಟ.
ಆ ಐನೂರರಲ್ಲೇ ಚಾಕಿ ತಂದ,
ಬೆಳಗ್ಗೆ ತಾನೇ ಸೊಪ್ಪು ಕೊಯ್ದು ತಂದ.

ಉಳಿದ ಗೂಡು ಮಾರ್ಕೆಟ್ಟಿಗೆ ಹೋಯ್ತು.
ರೀಲರ್ ಅಮೀರ್‌ಪಾಷಾ ಒಂದನ್ನ ಕಿವಿ ಹತ್ತಿರ ಅಲ್ಲಾಡಿಸಿ
ವಾಪಸ್ ಇಟ್ಟ:
"ಇದರ ಎಳೆ ನಡುನಡುವೆ ಯೋಚನೆ ಮಾಡ್ತೈತೆ, ಅಮ್ಮಾ."
ನೂರು ಮೊಟ್ಟೆಗೆ ಇಪ್ಪತ್ತೆರಡು ಕೆಜಿ.
ಲೆಕ್ಕ ಹೇಳಿದರೆ ನಾರೆಪ್ಪ ನಕ್ಕ.
ನಕ್ಕಾಗ ಒಸಡಿನಂಚಿಗೆ ಆ ನೀಲಿ ಗೆರೆ.
ವರ್ಷದಿಂದ ನೋಡ್ತಿದ್ದೀನಿ, ಬೀಡಿ ಕಲೆ ಅಂದುಕೊಂಡಿದ್ದೆ.
ಬೀಡಿ ಬಿಟ್ಟು ಎರಡು ವರ್ಷವಾಯ್ತು.

ಈಗೀಗ ಲೋಟ ಅವನ ಕೈಯಿಂದ ಜಾರುತ್ತೆ.
ಹೊಟ್ಟೆ ನುಲಿಯುತ್ತೆ ಅಂತಾನೆ, ಗೋಡೆ ಕಡೆ ತಿರುಗಿ ಮಲಗ್ತಾನೆ.
ಮಲಗಿದ್ದನ್ನ ಎಷ್ಟೋ ಹೊತ್ತು ನೋಡ್ತೀನಿ.
ಕಳಚೋಕೆ ಅವನಿಗೆ ಇರೋದು ಒಂದೇ ಅಂಗಿ,
ಅದನ್ನ ನಾನು ಒಗೀತೀನಿ,
ಒಗೆದ ನೀರು ಕಾಲುವೇಲಿ ತೋಟಕ್ಕೆ ಹೋಗುತ್ತೆ.

ಹಿತ್ತಿಲಲ್ಲಿ ಮೂರು ಚೀಲ ಹಿಕ್ಕೆ ಕಟ್ಟಿಟ್ಟಿದ್ದೀನಿ.
ಪ್ರತಿ ಬೆಳೆಗೂ ಗಿಡದ ಬುಡಕ್ಕೆ ಹಾಕ್ತಿದ್ದೆ,
ಇದಕ್ಕಿಂತ ಒಳ್ಳೇ ಗೊಬ್ಬರ ಇಲ್ಲ ಅಂತ
ನಮ್ಮತ್ತೆ ಹೇಳಿಕೊಟ್ಟಿದ್ದು.
ಪಕ್ಕದ ಮುನಿಲಕ್ಷ್ಮಕ್ಕ ಕೇಳಿದಳು, ನಂಗೊಂದು ಚೀಲ ಕೊಡೇ.
ನಾಳೆ ನೋಡೋಣ ಅಂದೆ.
ಬಾಯಿ ಬಿಗಿಯಾಗಿದೆಯಾ ಅಂತ
ರಾತ್ರಿ ಎದ್ದು ಹೋಗಿ
ಮೂರೂ ಗಂಟು ಮುಟ್ಟಿ ನೋಡಿದೆ.